ಒಲೆ, ನಾಯಿ, ಪಿಯಾನೊ: ವಿಕ್ಟೋರಿಯಾ ಕಾಲದ ಇಂಗ್ಲಿಷ್ ಮನೆ

ಕ್ರಿಸ್‌ಮಸ್ ದಿನದ ಹಣ್ಣಿನ ಕೇಕು, ಅಗ್ಗಿಷ್ಟಿಕೆಯ ಮುಂದೆ ಕಾಲು ಚಾಚಿ ಮಲಗಿದ ನಾಯಿ, ಪಿಯಾನೊ ಸುತ್ತ ನಿಂತು ಹಾಡುವ ಮನೆಮಂದಿ: ಇಂಗ್ಲೆಂಡಿನ ಮನೆಯೆಂದರೆ ಇದೇ, ಅಜ್ಜ ಮುತ್ತಜ್ಜರ ಕಾಲದಿಂದಲೂ ಅದು ಹೀಗೆಯೇ ಇತ್ತು ಎಂಬ ನಂಬಿಕೆ ಇಂಗ್ಲಿಷರಲ್ಲಿ ಗಟ್ಟಿಯಾಗಿದೆ. ದಾಖಲೆಗಳು ಬೇರೆಯದನ್ನು ಹೇಳುತ್ತವೆ. ಈ ಚಿತ್ರದ ಬಹುಪಾಲು ರೂಪುಗೊಂಡದ್ದು ರಾಣಿ ವಿಕ್ಟೋರಿಯಾಳ ಆಳ್ವಿಕೆಯಲ್ಲಿ, 1837ರಿಂದ 1901ರ ನಡುವೆ. ಎರಕದ ಕಬ್ಬಿಣದ ಒಲೆ, ಕಲ್ಲಿದ್ದಲು, ರೈಲು, ವಸಾಹತುಗಳ ಸಕ್ಕರೆ, ಒಂದೊಂದಾಗಿ ರದ್ದಾದ ಸುಂಕಗಳು ಎಲ್ಲ ಸೇರಿ ಅದನ್ನು ಕಟ್ಟಿದವು. ಬಾಗಿಲು ಮುಚ್ಚಿಕೊಂಡು ತನ್ನ ಪಾಡಿಗೆ ತಾನಿದ್ದಂತೆ ಕಾಣುವ ಆ ಮನೆಯ ಸುಖಗಳೆಲ್ಲ ಹೊರಗಿನ ಪೇಟೆ, ಕಾರ್ಖಾನೆ, ಬಂದರುಗಳಿಂದ ಬಂದವು. ದಿನದಿನವೂ ಅವನ್ನು ಅಣಿಗೊಳಿಸಿದವರು ಸಂಬಳಕ್ಕೆ ದುಡಿದ ಹುಡುಗಿಯರು.

1851ರ ಜನಗಣತಿಯಲ್ಲಿ ಇಂಗ್ಲೆಂಡಿನ ಪಟ್ಟಣವಾಸಿಗಳ ಸಂಖ್ಯೆ ಹಳ್ಳಿಗರ ಸಂಖ್ಯೆಯನ್ನು ಮೊದಲ ಬಾರಿಗೆ ಮೀರಿತು. ಅದಕ್ಕೆ ಮುಂಚೆ ವ್ಯಾಪಾರಿಯ ಮನೆ ಅಂಗಡಿಯ ಮೇಲೆಯೇ ಇರುತ್ತಿತ್ತು. ಕೆಲಸ ಕಲಿಯುವ ಹುಡುಗರು ಯಜಮಾನನ ಮೇಜಿನಲ್ಲೇ ಉಣ್ಣುತ್ತಿದ್ದರು. ರೈಲು, ಕುದುರೆಬಸ್ಸು ಬಂದ ಮೇಲೆ ಗುಮಾಸ್ತ, ವಕೀಲ, ಸಗಟು ವ್ಯಾಪಾರಿ ಊರ ಹೊರಗಿನ ಬಡಾವಣೆಯಲ್ಲಿ ಮನೆ ಮಾಡಿ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳತೊಡಗಿದರು. ದುಡಿಮೆಯ ಜಾಗ ಬೇರೆ, ಬಾಳುವ ಜಾಗ ಬೇರೆ ಆಯಿತು. ಮನೆಯೆಂದರೆ ಪೇಟೆಯ ಗದ್ದಲಕ್ಕೆ ಎದುರಾದ ನೆಮ್ಮದಿಯ ತಾಣ ಎಂಬ ಕಲ್ಪನೆ ಪ್ರವಚನಗಳಲ್ಲೂ ಕಾದಂಬರಿಗಳಲ್ಲೂ ಬೇರೂರಿದ್ದು ಆಗಲೇ. ಹಬ್ಬದ ಅಡುಗೆ, ಸಾಕುಪ್ರಾಣಿ, ಸಂಗೀತ ಈ ಮೂರೂ ಆ ಹೊಸ ಮನೆಯ ಒಳಗನ್ನು ತುಂಬಿದವು.

ಮೊದಲು ಒಲೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾಮಾನ್ಯರ ಅಡುಗೆ ತೆರೆದ ಬೆಂಕಿಯ ಮೇಲೆ ನಡೆಯುತ್ತಿತ್ತು. ಅದರಲ್ಲಿ ಬೇಯಿಸಬಹುದು, ಹುರಿಯಬಹುದು, ಮಾಂಸವನ್ನು ಕಂಬಿಗೆ ಚುಚ್ಚಿ ಸುಡಬಹುದು. ಕೇಕು ಬೇಯಲು ಸುತ್ತಲಿಂದಲೂ ಒಣಶಾಖ ಬೇಕು, ಅದಕ್ಕೆ ಮುಚ್ಚಿದ ಗೂಡು ಬೇಕು. ಇಟ್ಟಿಗೆಯ ಗೂಡೊಲೆ ಇದ್ದದ್ದು ಜಮೀನ್ದಾರರ ಮನೆಗಳಲ್ಲಿ ಮತ್ತು ಬೇಕರಿಗಳಲ್ಲಿ. ಉಳಿದವರು ಹಿಟ್ಟು ಕಲಸಿಯೋ ಮಾಂಸವನ್ನು ತಟ್ಟೆಗೆ ಹಾಕಿಯೋ ಬೇಕರಿಯವನಿಗೆ ಕೊಟ್ಟು ಒಂದೆರಡು ಕಾಸಿಗೆ ಬೇಯಿಸಿಕೊಂಡು ಬರುತ್ತಿದ್ದರು. 1843ರಲ್ಲಿ ಬಂದ ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯಲ್ಲಿ ಕ್ರಾಚಿಟ್ ಕುಟುಂಬದ ಹೆಬ್ಬಾತು ಬೆಂದು ಬರುವುದು ಬೇಕರಿಯಿಂದ. ಪುಡ್ಡಿಂಗ್ ಬೇಯುವುದು ಬಟ್ಟೆ ಒಗೆಯುವ ಹಂಡೆಯಲ್ಲಿ. ಬಡ ಗುಮಾಸ್ತನ ಮನೆಯಲ್ಲಿ ಗೂಡೊಲೆ ಇರಲಿಲ್ಲ ಎಂಬುದನ್ನು ಡಿಕನ್ಸ್ ವಿವರಿಸುವುದಿಲ್ಲ, ಏಕೆಂದರೆ ಓದುಗರಿಗೆ ಅದು ಗೊತ್ತೇ ಇತ್ತು.

ಬೆಂಕಿಯ ಪಕ್ಕಕ್ಕೆ ಕಬ್ಬಿಣದ ಗೂಡನ್ನು ಜೋಡಿಸಿದ ಒಲೆಗೆ ಥಾಮಸ್ ರಾಬಿನ್ಸನ್ 1780ರಲ್ಲಿ ಪೇಟೆಂಟ್ ಪಡೆದ. ಬೆಂಕಿಯನ್ನು ಮೇಲಿಂದ ಕಬ್ಬಿಣದ ಹಲಗೆಯಿಂದ ಮುಚ್ಚುವ ಒಲೆಗೆ ಎಕ್ಸೆಟರ್‌ನ ಜಾರ್ಜ್ ಬಾಡ್ಲಿ 1802ರಲ್ಲಿ ಪೇಟೆಂಟ್ ಪಡೆದ. ಎರಕದ ಕಾರ್ಖಾನೆಗಳು ಬೆಳೆದು ಕಲ್ಲಿದ್ದಲು ರೈಲಿನಲ್ಲಿ ಅಗ್ಗವಾಗಿ ಬರತೊಡಗಿದ ಮೇಲೆ, ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ, ಈ ಒಲೆ ಮಧ್ಯಮವರ್ಗದ ಅಡುಗೆಮನೆಗಳಲ್ಲಿ ಸಾಮಾನ್ಯವಾಯಿತು. ಅದಕ್ಕೆ ಶಾಖಮಾಪಕ ಇರಲಿಲ್ಲ. ಗೂಡಿನೊಳಗೆ ಕೈಯಿಟ್ಟು ಎಷ್ಟು ಹೊತ್ತು ತಡೆಯಲಾಗುತ್ತದೆ ಎಂದು ನೋಡುವುದು, ಚಿಟಿಕೆ ಹಿಟ್ಟು ಎರಚಿ ಅದು ಕೆಂಪಾಗುವುದನ್ನೋ ಕಾಗದದ ಚೂರು ಕಂದುವುದನ್ನೋ ಕಾಯುವುದು, ಇವೇ ಅಳತೆಗಳು. ಬೆಂಕಿಯ ಕಡೆಯ ಬದಿ ಸೀದುಹೋಗುತ್ತಿತ್ತು, ಆಚೆಯ ಬದಿ ಹಸಿಯಾಗಿರುತ್ತಿತ್ತು. ಪಾತ್ರೆಯನ್ನು ತಿರುಗಿಸುತ್ತ ಗಂಟೆಗಟ್ಟಲೆ ಕಾಯಬೇಕಿತ್ತು.

ಕಾಯುತ್ತಿದ್ದವಳು ಸಾಮಾನ್ಯವಾಗಿ ಕೆಲಸದ ಹುಡುಗಿ. ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಗೆಲಸಕ್ಕಿದ್ದ ಹೆಂಗಸರ ಸಂಖ್ಯೆ ಹತ್ತು ಲಕ್ಷವನ್ನು ದಾಟಿತ್ತು. ದೊಡ್ಡ ಮನೆಗಳಲ್ಲಿ ಅಡುಗೆಯವಳು, ಪಾತ್ರೆಯವಳು, ಕೋಣೆ ನೋಡಿಕೊಳ್ಳುವವಳು ಬೇರೆಬೇರೆ. ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಒಬ್ಬಳೇ, ಹದಿಮೂರು ಹದಿನಾಲ್ಕರ ಹಳ್ಳಿ ಹುಡುಗಿ. ನಸುಕಿನಲ್ಲೇ ಎದ್ದು ಬೂದಿ ತೆಗೆದು, ಕಬ್ಬಿಣದ ಒಲೆಗೆ ಗ್ರಾಫೈಟ್ ಪುಡಿ ಉಜ್ಜಿ ಹೊಳಪು ಬರಿಸಿ, ಬೆಂಕಿ ಹೊತ್ತಿಸಿದ ಮೇಲೆ ಅವಳ ದಿನ ಶುರುವಾಗುತ್ತಿತ್ತು. 1861ರಲ್ಲಿ ಇಸಬೆಲ್ಲಾ ಬೀಟನ್ ಪ್ರಕಟಿಸಿದ ಮನೆವಾರ್ತೆಯ ದೊಡ್ಡ ಪುಸ್ತಕವು ಆಳುಗಳಲ್ಲೆಲ್ಲ ನಿಜವಾಗಿ ಮರುಕಕ್ಕೆ ಅರ್ಹಳು ಇವಳೇ ಎಂಬ ಅರ್ಥದ ಮಾತನ್ನು ಬರೆದು, ಮರುಪುಟದಲ್ಲೇ ಅವಳು ಮಾಡಬೇಕಾದ ಕೆಲಸಗಳನ್ನು ಬೆಳಗಿನಿಂದ ರಾತ್ರಿಯವರೆಗೆ ಪಟ್ಟಿ ಮಾಡುತ್ತದೆ. ಇಂಗ್ಲಿಷ್ ಹಬ್ಬದ ಅಡುಗೆಯ ಚರಿತ್ರೆ ಬರೆಯುವವರು ಈ ಹುಡುಗಿಯರನ್ನು ಮರೆಯುವುದು ಸಾಮಾನ್ಯ, ಆದರೆ ಅವರಿಲ್ಲದೆ ಆ ಅಡುಗೆಯೇ ಇಲ್ಲ.

ಕೇಕು ಉಬ್ಬುವುದಕ್ಕೆ ಮೊದಲು ಎರಡೇ ದಾರಿಗಳಿದ್ದವು: ಯೀಸ್ಟ್, ಇಲ್ಲವೇ ತೋಳು ಸೋಲುವ ತನಕ ಮೊಟ್ಟೆ ಬಡಿಯುವುದು. ಬರ್ಮಿಂಗ್‌ಹ್ಯಾಮ್‌ನ ಔಷಧಿ ಅಂಗಡಿಯ ಆಲ್ಫ್ರೆಡ್ ಬರ್ಡ್‌ನ ಹೆಂಡತಿಗೆ ಮೊಟ್ಟೆಯೂ ಯೀಸ್ಟೂ ಒಗ್ಗುತ್ತಿರಲಿಲ್ಲ. ಅವನು 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನು, 1843ರಲ್ಲಿ ಬೇಕಿಂಗ್ ಪೌಡರನ್ನು ಸಿದ್ಧಪಡಿಸಿದ. ಕ್ಷಾರವೂ ಆಮ್ಲವೂ ಒಣಪುಡಿಯಾಗಿ ಒಟ್ಟಿಗಿದ್ದು, ನೀರು ತಗುಲಿದೊಡನೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತವೆ ಎಂಬುದೇ ಅದರ ಗುಟ್ಟು. ಒಬ್ಬಾಕೆಯ ಜೀರ್ಣಶಕ್ತಿಯ ತೊಂದರೆಗೆ ಹುಡುಕಿದ ಪರಿಹಾರ ಕೆಲವೇ ದಶಕಗಳಲ್ಲಿ ಮನೆಮನೆಯ ಕೇಕಿನ ಸ್ವರೂಪವನ್ನೇ ಬದಲಿಸಿತು. ಅಡುಗೆ ಬರೆಯುವ ಕ್ರಮವೂ ಅದೇ ಕಾಲದಲ್ಲಿ ಬದಲಾಯಿತು. ಎಲೈಜಾ ಆಕ್ಟನ್ 1845ರ ತನ್ನ ಪುಸ್ತಕದಲ್ಲಿ ಸಾಮಗ್ರಿಗಳನ್ನೂ ಬೇಯುವ ಹೊತ್ತನ್ನೂ ಬೇರೆಯಾಗಿ, ಖಚಿತವಾಗಿ ಕೊಟ್ಟಳು. ಬೀಟನ್ ಆ ಪಟ್ಟಿಯನ್ನು ಮೇಲಕ್ಕೆ ತಂದಳು. ತಾಯಿಯಿಂದ ಮಗಳಿಗೆ ಕೈಯಿಂದ ಕೈಗೆ ಬರುತ್ತಿದ್ದ ವಿದ್ಯೆ, ಊರು ಬಿಟ್ಟು ಬಡಾವಣೆಗೆ ಬಂದ ಸೊಸೆಗೆ ಅಚ್ಚಿನಲ್ಲಿ ಸಿಗುವಂತಾಯಿತು. ಬೀಟನ್ 1865ರಲ್ಲಿ 28ನೆಯ ವಯಸ್ಸಿಗೇ ತೀರಿಕೊಂಡಳು. ಪುಸ್ತಕ ಮಾತ್ರ ಅವಳ ಹೆಸರಿನಲ್ಲೇ ಮರುಮುದ್ರಣಗೊಳ್ಳುತ್ತ ಹೋಯಿತು.

ಕ್ರಿಸ್‌ಮಸ್ ಕೇಕು ಮೊದಲು ಕ್ರಿಸ್‌ಮಸ್ಸಿನದೇ ಆಗಿರಲಿಲ್ಲ. ಹಬ್ಬದ ಹನ್ನೆರಡು ದಿನಗಳ ಕೊನೆಗೆ, ಜನವರಿ 5 ಮತ್ತು 6ರ ಹೊತ್ತಿಗೆ, ಕತ್ತರಿಸುತ್ತಿದ್ದದ್ದು ‘ಟ್ವೆಲ್ಫ್ತ್ ಕೇಕ್’. ಅದರೊಳಗೆ ಒಂದು ಅವರೆಯಂಥ ಕಾಳು, ಒಂದು ಬಟಾಣಿ ಹುದುಗಿಸಿರುತ್ತಿದ್ದರು. ಕಾಳು ಸಿಕ್ಕವನು ಆ ರಾತ್ರಿಯ ರಾಜ, ಬಟಾಣಿ ಸಿಕ್ಕವಳು ರಾಣಿ. ಮುಂದೆ ಕಾಳಿನ ಬದಲು ಪಾತ್ರಗಳ ಚಿತ್ರವಿದ್ದ ಚೀಟಿಗಳು ಬಂದವು. ಲಂಡನ್ನಿನ ಮಿಠಾಯಿ ಅಂಗಡಿಗಳು ಸಕ್ಕರೆಯ ಕೋಟೆಕೊತ್ತಲಗಳಿಂದ ಸಿಂಗರಿಸಿದ ಈ ಕೇಕುಗಳನ್ನು ಗಾಜಿನ ಕಿಟಕಿಯಲ್ಲಿಟ್ಟರೆ ಬೀದಿಯಲ್ಲಿ ಜನ ನೆರೆಯುತ್ತಿದ್ದರು. ಕೈಗಾರಿಕೆಯ ಪಟ್ಟಣಕ್ಕೆ ಹನ್ನೆರಡು ದಿನಗಳ ಹಬ್ಬ ಒಗ್ಗಲಿಲ್ಲ. ಜನವರಿ 6 ಕೆಲಸದ ದಿನವಾಗಿ ಹೋಯಿತು. 1871ರ ಬ್ಯಾಂಕ್ ರಜೆಗಳ ಕಾಯಿದೆ ಡಿಸೆಂಬರ್ 26ನ್ನು ರಜೆಯೆಂದು ಸಾರಿ ಹಬ್ಬವನ್ನು ಕ್ರಿಸ್‌ಮಸ್‌ನ ಆಸುಪಾಸಿಗೆ ಕುಗ್ಗಿಸಿತು. ಆ ದಶಕಗಳಲ್ಲಿ ಟ್ವೆಲ್ಫ್ತ್ ಕೇಕು ತನ್ನ ರಾಜ ರಾಣಿಯರನ್ನು ಕಳಚಿಕೊಂಡು, ಮೇಲಿನ ಬಿಳಿಯ ಸಕ್ಕರೆ ಹೊದಿಕೆಯನ್ನಷ್ಟೇ ಉಳಿಸಿಕೊಂಡು ಡಿಸೆಂಬರ್ 25ಕ್ಕೆ ಸರಿಯಿತು. ಸಂಪ್ರದಾಯವೊಂದು ಸತ್ತು ಇನ್ನೊಂದರ ಹೆಸರಿನಲ್ಲಿ ಬದುಕಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಉಳಿದ ಆಚಾರಗಳೂ ಬೇಗಬೇಗನೆ ಸೇರಿಕೊಂಡವು. ಡಿಕನ್ಸ್‌ನ ಕಥೆ ಬಂದ 1843ರಲ್ಲೇ ಹೆನ್ರಿ ಕೋಲ್ ಮೊದಲ ಕ್ರಿಸ್‌ಮಸ್ ಕಾರ್ಡನ್ನು ಅಚ್ಚು ಹಾಕಿಸಿದ. ಅದರ ಬೆಲೆ ಒಂದು ಷಿಲಿಂಗ್, ಬಡವರ ಕೈಗೆ ಎಟುಕುವಂಥದ್ದಲ್ಲ. ಜರ್ಮನಿಯ ಕ್ರಿಸ್‌ಮಸ್ ಮರ ಅರಮನೆಯಲ್ಲಿ 1800ರಿಂದಲೇ ಇದ್ದರೂ, 1848ರಲ್ಲಿ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ವಿಕ್ಟೋರಿಯಾ ಮತ್ತು ಅವಳ ಗಂಡ ಆಲ್ಬರ್ಟ್ ಮಕ್ಕಳೊಂದಿಗೆ ಮರದ ಸುತ್ತ ನಿಂತ ಚಿತ್ರ ಅಚ್ಚುಮಾಡಿದ ಮೇಲೆ ಮನೆಮನೆಗೆ ಬಂತು. ಕ್ರಿಸ್‌ಮಸ್‌ಗೆ ನಾಲ್ಕೈದು ವಾರ ಮುಂಚಿನ ಭಾನುವಾರ ಮನೆಯವರೆಲ್ಲ ಸರದಿಯಲ್ಲಿ ಪುಡ್ಡಿಂಗ್ ಹಿಟ್ಟನ್ನು ಸೌಟಿನಿಂದ ಕದಡುವ ರೂಢಿ ಬೆಳೆಯಿತು. ಆ ದಿನದ ಚರ್ಚಿನ ಪ್ರಾರ್ಥನೆ ಕಲಕುವ, ಎಬ್ಬಿಸುವ ಮಾತಿನಿಂದ ಶುರುವಾಗುವುದೇ ಇದಕ್ಕೆ ನೆಪ.

ಆ ಹಿಟ್ಟಿನೊಳಗೆ ಏನೇನಿತ್ತು ಎಂದು ನೋಡಿದರೆ ಭೂಪಟವೇ ಬಿಚ್ಚಿಕೊಳ್ಳುತ್ತದೆ. ಸಣ್ಣ ಕರಿಯ ಒಣದ್ರಾಕ್ಷಿ ಗ್ರೀಸಿನದು, ದೊಡ್ಡದು ಸ್ಪೇನ್ ಮತ್ತು ಸ್ಮಿರ್ನಾದಿಂದ ಬಂದದ್ದು, ಜಾಯಿಕಾಯಿ ಲವಂಗ ಪೂರ್ವದ ದ್ವೀಪಗಳವು, ದಾಲ್ಚಿನ್ನಿ ಸಿಂಹಳದ್ದು. ದನದ ಕೊಬ್ಬು ಮತ್ತು ಮೊಟ್ಟೆಯಷ್ಟೇ ಊರಿನವು. ಸಕ್ಕರೆಯ ಕಥೆ ಎಲ್ಲಕ್ಕಿಂತ ಕಹಿ. ಕೆರಿಬಿಯನ್ ತೋಟಗಳಲ್ಲಿ ಅದನ್ನು ಬೆಳೆದವರು ಆಫ್ರಿಕಾದಿಂದ ತಂದ ಗುಲಾಮರು. 1833ರ ಕಾಯಿದೆ ಗುಲಾಮಗಿರಿಯನ್ನು ರದ್ದುಮಾಡಿದಾಗ ಪರಿಹಾರ ಸಿಕ್ಕಿದ್ದು ದುಡಿದವರಿಗಲ್ಲ, ಒಡೆಯರಿಗೆ. ಮರುವರ್ಷವೇ ಭಾರತದಿಂದ ಕರಾರು ಕೂಲಿಗಳನ್ನು ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಸಾಗಿಸುವ ವ್ಯವಸ್ಥೆ ಆರಂಭವಾಯಿತು. ಇತ್ತ ಇಂಗ್ಲೆಂಡಿನಲ್ಲಿ ಸಕ್ಕರೆಯ ಮೇಲಿನ ಆಮದು ಸುಂಕ ಇಳಿಯುತ್ತ ಬಂದು 1874ರಲ್ಲಿ ಪೂರ್ತಿ ರದ್ದಾಯಿತು. ಯೂರೋಪಿನ ಬೀಟ್ ಸಕ್ಕರೆಯೂ ಪೇಟೆಗೆ ನುಗ್ಗಿತು. ಶತಮಾನದ ಕೊನೆಯಲ್ಲಿ ಒಬ್ಬ ಇಂಗ್ಲಿಷನು ವರ್ಷಕ್ಕೆ ತಿನ್ನುತ್ತಿದ್ದ ಸಕ್ಕರೆ ಶತಮಾನದ ಆರಂಭದಲ್ಲಿ ತಿನ್ನುತ್ತಿದ್ದುದರ ನಾಲ್ಕು ಪಟ್ಟಿಗೂ ಮೀರಿತ್ತು. ಒಂದು ಕಾಲದಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಸಾಮಾನು ಕೂಲಿಯವನ ಚಹಾಕ್ಕೂ ಬಂತು.

ಅಗ್ಗವಾದದ್ದೆಲ್ಲ ಶುದ್ಧವಾಗಿರಲಿಲ್ಲ. ಆರ್ಥರ್ ಹಿಲ್ ಹ್ಯಾಸಲ್ ಎಂಬ ವೈದ್ಯ 1850ರ ದಶಕದ ಆರಂಭದಲ್ಲಿ ಸೂಕ್ಷ್ಮದರ್ಶಕದಡಿ ಆಹಾರ ಪರೀಕ್ಷಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸರಣಿಯಾಗಿ ವರದಿ ಮಾಡಿದ. ಬ್ರೆಡ್ಡಿನಲ್ಲಿ ಪಟಿಕ, ಮಿಠಾಯಿಯ ಬಣ್ಣಗಳಲ್ಲಿ ಸೀಸ, ತಾಮ್ರ, ಪಾದರಸದ ಲವಣಗಳು ಸಿಕ್ಕವು. 1858ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಸಕ್ಕರೆಗೆ ಬೆರೆಸಬೇಕಾದ ಅಗ್ಗದ ಪುಡಿಯ ಬದಲು ತಪ್ಪಿ ಪಾಷಾಣ ಬೆರೆತು, ಆ ಮಿಠಾಯಿ ತಿಂದ ಸುಮಾರು 20 ಮಂದಿ ಸತ್ತರು, ಅವರಲ್ಲಿ ಬಹಳಷ್ಟು ಮಕ್ಕಳು. 1860ರಲ್ಲಿ ಮೊದಲ ಕಲಬೆರಕೆ ಕಾಯಿದೆ, 1875ರಲ್ಲಿ ನಿಜವಾಗಿ ಹಲ್ಲಿದ್ದ ಕಾಯಿದೆ ಬಂತು. ಪೊಟ್ಟಣದಲ್ಲಿ ಹೆಸರು ಹಾಕಿ ಮುಚ್ಚಿ ಮಾರುವ ಕಂಪನಿಗಳಿಗೆ ಗಿರಾಕಿಗಳು ಒಲಿಯಲು ಈ ಭಯವೂ ಒಂದು ಕಾರಣ.

ಇಂಗ್ಲಿಷರ ಹಬ್ಬದ ಕೇಕು ಭಾರತಕ್ಕೆ ಬಂದಾಗ ಅದರ ಜೊತೆಗೆ ಗೂಡೊಲೆ ಬರಲಿಲ್ಲ. ದಂಡಿನ ಊರುಗಳ ಬಂಗಲೆಗಳಲ್ಲಿ ಅಡುಗೆಯವರು ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹರಡಿ ಕೇಕು ಬೇಯಿಸಿದರು. ಮಂಗಳೂರಿನ ಕ್ಯಾಥೊಲಿಕರ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯಾದ ಕುಸ್ವಾರ್ ಇನ್ನೊಂದು ಬಗೆಯ ಉತ್ತರ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಚಕ್ಕುಲಿ ಮುಂತಾಗಿ ಆ ತಟ್ಟೆಯಲ್ಲಿ ಗೂಡೊಲೆ ಬೇಡುವ ತಿಂಡಿಗಳು ಕಡಿಮೆ, ಬಾಣಲೆಯಲ್ಲಿ ಕರಿದವು, ತೆಂಗಿನಕಾಯಿ ಬೆಲ್ಲ ಸೇರಿದವು ಹೆಚ್ಚು. ಇಂಗ್ಲೆಂಡಿನ ಹಬ್ಬವನ್ನು ಕಬ್ಬಿಣದ ಒಲೆ ತಿದ್ದಿದ್ದರೆ, ಕರಾವಳಿಯ ಅದೇ ಹಬ್ಬವನ್ನು ಅಲ್ಲಿನ ಬಾಣಲೆ ತಿದ್ದಿತು.

ಮನೆಯೊಳಗೆ ಪ್ರಾಣಿ ಬಂದ ಬಗೆ ಇನ್ನೂ ಹೊಸದು. ನಾಯಿ ಮನುಷ್ಯನ ಜೊತೆ ಸಾವಿರಾರು ವರ್ಷಗಳಿಂದಿದ್ದರೂ, ಇಂಗ್ಲೆಂಡಿನ ಸಾಮಾನ್ಯ ಮನೆಯಲ್ಲಿ ಅದಕ್ಕೆ ಕೆಲಸವಿತ್ತು: ಕುರಿ ಕಾಯುವುದು, ಇಲಿ ಹಿಡಿಯುವುದು, ಗಾಡಿ ಎಳೆಯುವುದು. ಕೆಲಸವಿಲ್ಲದ ನಾಯಿಯನ್ನು ಸಾಕುವುದು ಸಿರಿವಂತರ ಶೋಕಿ ಎಂದು 1796ರಿಂದ ನಾಯಿಗೆ ತೆರಿಗೆಯೂ ಇತ್ತು. ಗೂಳಿಯ ಮೇಲೆ ನಾಯಿ ಬಿಟ್ಟು ನೋಡುವುದು ಜನಪ್ರಿಯ ವಿನೋದವಾಗಿತ್ತು. ಪ್ರಾಣಿಹಿಂಸೆ ತಡೆಯುವ ಸಂಘ 1824ರಲ್ಲಿ ಹುಟ್ಟಿತು, 1835ರ ಕಾಯಿದೆ ಆ ವಿನೋದವನ್ನು ನಿಷೇಧಿಸಿತು, 1840ರಲ್ಲಿ ವಿಕ್ಟೋರಿಯಾ ಸಂಘಕ್ಕೆ ‘ರಾಯಲ್’ ಪದವಿ ಕೊಟ್ಟಳು. ರಾಣಿಯ ಒಲವು ತೋರಿಕೆಯದಾಗಿರಲಿಲ್ಲ. 1838ರ ಜೂನ್ 28ರಂದು ಪಟ್ಟಾಭಿಷೇಕ ಮುಗಿಸಿ ಅರಮನೆಗೆ ಮರಳಿದ ಹತ್ತೊಂಬತ್ತರ ಹುಡುಗಿ ಮಾಡಿದ ಮೊದಲ ಕೆಲಸಗಳಲ್ಲಿ ತನ್ನ ಸ್ಪ್ಯಾನಿಯಲ್ ಡ್ಯಾಶ್‌ಗೆ ಸ್ನಾನ ಮಾಡಿಸಿದ್ದೂ ಒಂದು.

ಪ್ರೀತಿ ಬಂದಲ್ಲಿ ಅದನ್ನು ದುಡ್ಡು ಮಾಡಿಕೊಳ್ಳುವವರೂ ಬಂದರು. ಲಂಡನ್ನಿನಲ್ಲಿ ನಾಯಿ ಕದ್ದು ಒತ್ತೆಹಣ ಕೇಳುವ ತಂಡಗಳೇ ಇದ್ದವು. ಕವಿ ಎಲಿಜಬೆತ್ ಬ್ಯಾರೆಟ್‌ಳ ಫ್ಲಷ್ ಎಂಬ ನಾಯಿಯನ್ನು ಮೂರು ಸಲ ಕದ್ದರು. ಪ್ರತಿ ಸಲವೂ ಹಣ ಕೊಟ್ಟೇ ಬಿಡಿಸಿಕೊಳ್ಳಬೇಕಾಯಿತು. ಕೊನೆಯ ಸಲ, 1846ರಲ್ಲಿ, ಕಾಯಿಲೆಯಿಂದ ಕೋಣೆಬಿಟ್ಟು ಕದಲದಿದ್ದ ಆಕೆ ಗಾಡಿ ಹತ್ತಿ ಕಳ್ಳರ ಕೇರಿಗೇ ಹೋದಳು. 1845ರಲ್ಲಿ ನಾಯಿಗಳ್ಳತನದ ವಿರುದ್ಧ ಪ್ರತ್ಯೇಕ ಕಾಯಿದೆ ಬಂದಿದ್ದರೂ ಫಲ ಅಷ್ಟಕ್ಕಷ್ಟೇ. ಬೀದಿಯ ದುಡಿಮೆಗಾರರ ಬಾಳನ್ನು ದಾಖಲಿಸಿದ ಹೆನ್ರಿ ಮೇಹ್ಯೂನ ಪುಸ್ತಕದಲ್ಲಿ ನಾಯಿ ಮಾರುವವರು, ಕಳೆದುಹೋದ ನಾಯಿಯನ್ನು ‘ಹುಡುಕಿಕೊಡುವವರು’, ಹಕ್ಕಿ ಮಾರುವವರು, ಕಡ್ಡಿಗೆ ಚುಚ್ಚಿದ ಕುದುರೆಮಾಂಸವನ್ನು ಬೆಕ್ಕುಗಳಿಗಾಗಿ ಮನೆಮನೆಗೆ ತರುವವರು ಎಲ್ಲರೂ ಇದ್ದಾರೆ. ಬಡವರ ಮನೆಯ ಸಾಕುಪ್ರಾಣಿ ಹೆಚ್ಚಾಗಿ ಹಕ್ಕಿ. ನಾಯಿಗೆ ಬೇಕಾದಷ್ಟು ಅನ್ನವಾಗಲಿ ಜಾಗವಾಗಲಿ ಅದಕ್ಕೆ ಬೇಡ, ಕತ್ತಲ ಓಣಿಯ ಕಿಟಕಿಯಲ್ಲಿ ತೂಗುಹಾಕಿದರೆ ಹಾಡುತ್ತದೆ. ಹಳ್ಳಿಗಳಲ್ಲಿ ಬಲೆ ಹಾಕಿ ಹಿಡಿದ ಹಾಡುಹಕ್ಕಿಗಳು ಪೇಟೆಗೆ ಬರುವಷ್ಟರಲ್ಲಿ ಬಹಳಷ್ಟು ಸತ್ತೇಹೋಗುತ್ತಿದ್ದವು ಎಂಬುದು ಆ ಹಾಡಿನ ಹಿಂದಿನ ಕ್ರೂರ ಸತ್ಯ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ತರಬೇತಾದ ಕ್ಯಾನರಿಗಳಿಗೆ ಒಳ್ಳೆಯ ಬೆಲೆಯಿತ್ತು. ಹಕ್ಕಿಗೆ ರಾಗ ಕಲಿಸಲೆಂದೇ ಕೈಯಿಂದ ತಿರುಗಿಸುವ ಪುಟ್ಟ ಪೆಟ್ಟಿಗೆ ಆರ್ಗನ್ ಹದಿನೆಂಟನೆಯ ಶತಮಾನದಲ್ಲೇ ಫ್ರಾನ್ಸಿನಲ್ಲಿ ತಯಾರಾಗಿತ್ತು.

ಬೀದಿಪಾಲಾದ ನಾಯಿಗಳಿಗೆ ಮೇರಿ ಟೀಲ್ಬಿ 1860ರಲ್ಲಿ ಲಂಡನ್ನಿನ ಹಾಲೋವೇಯಲ್ಲಿ ಆಶ್ರಯ ತೆರೆದಾಗ, ಹಸಿದ ಮನುಷ್ಯರಿರುವ ಊರಲ್ಲಿ ನಾಯಿಗೆ ಮನೆಯೇ ಎಂದು ಪತ್ರಿಕೆಗಳು ಹೀಯಾಳಿಸಿದವು. ಆ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ಆಶ್ರಯ ಉಳಿಯಿತು, 1871ರಲ್ಲಿ ಬ್ಯಾಟರ್ಸಿಗೆ ಹೋಯಿತು, ಇಂದಿಗೂ ಅಲ್ಲೇ ಇದೆ. 1867ರಲ್ಲಿ ಹಳೆಯ ತೆರಿಗೆಯ ಜಾಗಕ್ಕೆ ವರ್ಷಕ್ಕೆ 5 ಷಿಲಿಂಗಿನ ಲೈಸೆನ್ಸ್ ಬಂದು ನಾಯಿ ಸಾಕುವುದು ಮಧ್ಯಮವರ್ಗಕ್ಕೆ ಸುಲಭವಾಯಿತು. ನಾಯಿಗಳ ಮೊದಲ ಪ್ರದರ್ಶನ 1859ರಲ್ಲಿ ನ್ಯೂಕಾಸಲ್‌ನಲ್ಲಿ, ಬೆಕ್ಕುಗಳದು 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ನಡೆಯಿತು. 1873ರಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಗಿ ತಳಿಗಳ ವಂಶಾವಳಿ ಬರೆಯತೊಡಗಿತು. ಮೂಗು, ಕಿವಿ, ಬಾಲಗಳ ಅಳತೆಗೆ ನಿಯಮ ಬಂತು. ನಾಯಿಯ ಗುಣವನ್ನು ಕೆಲಸದಿಂದ ಅಳೆಯುತ್ತಿದ್ದವರು ರೂಪದಿಂದ ಅಳೆಯತೊಡಗಿದರು, ಆ ತಪ್ಪಿನ ಫಲವನ್ನು ಮೂಗು ಚಪ್ಪಟೆಯಾದ ತಳಿಗಳು ಇಂದಿಗೂ ಉಸಿರಾಡಲು ಕಷ್ಟಪಟ್ಟು ಅನುಭವಿಸುತ್ತಿವೆ.

ಬೇಕರಿಗೂ ನಾಯಿಗೂ ಗಂಟು ಬಿದ್ದದ್ದು ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ನನಿಂದ. ಸಿಡಿಲುತಡೆ ಕಂಬಿಗಳನ್ನು ಮಾರಲು ಇಂಗ್ಲೆಂಡಿಗೆ ಬಂದ ಅವನು ಬಂದರಿನಲ್ಲಿ ಹಡಗಿನ ಒಣಬಿಸ್ಕತ್ತುಗಳನ್ನು ನಾಯಿಗಳು ಮುಗಿಬಿದ್ದು ತಿನ್ನುವುದನ್ನು ಕಂಡನೆಂದು ಪ್ರತೀತಿ. 1860ರ ಸುಮಾರಿಗೆ ಗೋಧಿಹಿಟ್ಟು, ತರಕಾರಿ, ಬೀಟ್‌ರೂಟ್, ಒಣಮಾಂಸ ಸೇರಿಸಿ ಬೇಯಿಸಿದ ನಾಯಿ ಬಿಸ್ಕತ್ತನ್ನು ಪೇಟೆಗೆ ತಂದ. ಎಂಜಲು ತಿಂದು ಬದುಕುತ್ತಿದ್ದ ಪ್ರಾಣಿಗೆ ಪ್ರತ್ಯೇಕ ಆಹಾರ ಬೇಕೆಂಬ ಕಲ್ಪನೆಯನ್ನೇ ಆ ಕಂಪನಿ ಜಾಹೀರಾತಿನ ಮೂಲಕ ಹುಟ್ಟಿಸಿತು. ಅಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ಇಸ್ಲಿಂಗ್‌ಟನ್‌ನಲ್ಲಿ ತನ್ನ ಹೆಸರಿನ ನಾಯಿ ಪ್ರದರ್ಶನ ಆರಂಭಿಸಿದ. 1881ರಲ್ಲಿ ಹೈಡ್ ಪಾರ್ಕಿನ ಮೂಲೆಯಲ್ಲಿ ಚೆರ್ರಿ ಎಂಬ ಪುಟ್ಟ ನಾಯಿಯನ್ನು ಹೂಳಿ ಕಲ್ಲು ನಿಲ್ಲಿಸಿದರು, ಅದರ ಸುತ್ತ ಸಾಕುಪ್ರಾಣಿಗಳ ಸ್ಮಶಾನವೇ ಬೆಳೆಯಿತು. ಹುಚ್ಚುನಾಯಿ ಕಾಯಿಲೆಯ ಭಯ ಈ ನಾಯಿಪ್ರೀತಿಯ ಇನ್ನೊಂದು ಮುಖ. ಬೀದಿಯಲ್ಲಿ ನಾಯಿಯ ಬಾಯಿಗೆ ಕುಕ್ಕೆ ಹಾಕಲೇಬೇಕೆಂಬ ಆಜ್ಞೆಗೆ ನಾಯಿಪ್ರಿಯರು ಸಿಡಿದೆದ್ದರು. ಸರ್ಕಾರ ಬಗ್ಗಲಿಲ್ಲ. 1902ರ ಹೊತ್ತಿಗೆ ಬ್ರಿಟನ್ ಆ ಕಾಯಿಲೆಯಿಂದ ಮುಕ್ತವಾಯಿತು.

ಸಂಗೀತದ ಬಗ್ಗೆ ಹೇಳುವಾಗ ಅರಮನೆಯ ಒಂದು ಮಧ್ಯಾಹ್ನವನ್ನು ಬಿಡುವಂತಿಲ್ಲ. 1842ರ ಬೇಸಿಗೆಯಲ್ಲಿ ಜರ್ಮನ್ ಸಂಗೀತಕಾರ ಫೆಲಿಕ್ಸ್ ಮೆಂಡೆಲ್ಸನ್ ಬಕಿಂಗ್‌ಹ್ಯಾಮ್ ಅರಮನೆಗೆ ಬಂದಾಗ ರಾಣಿ ಅವನ ಹಾಡೊಂದನ್ನು ಹಾಡಲು ಒಪ್ಪಿದಳು. ಕೋಣೆಯಲ್ಲಿದ್ದ ಗಿಳಿ ತನಗಿಂತ ಜೋರಾಗಿ ಕಿರುಚೀತೆಂದು ಅದನ್ನು ಹೊರಗೆ ಸಾಗಿಸಲು ಹೇಳಿದಳು. ದೊಡ್ಡ ಪಂಜರವನ್ನು ಹೊತ್ತು ಹೊರಗೆ ಕೊಟ್ಟವನು ಮೆಂಡೆಲ್ಸನ್ನನೇ ಎಂದು ಅವನು ತಾಯಿಗೆ ಬರೆದ ಕಾಗದದಲ್ಲಿದೆ. ರಾಣಿ ಆರಿಸಿ ಚೆಂದವಾಗಿ ಹಾಡಿದ ಹಾಡು ವಾಸ್ತವದಲ್ಲಿ ಅವನ ಅಕ್ಕ ಫ್ಯಾನಿಯ ರಚನೆ. ಹೆಂಗಸು ತನ್ನ ಹೆಸರಿನಲ್ಲಿ ಪ್ರಕಟಿಸುವುದು ಸಲ್ಲದೆಂದು ತಮ್ಮನ ಹೆಸರಿನಲ್ಲಿ ಅಚ್ಚಾಗಿತ್ತು. ಅವನು ಅದನ್ನು ರಾಣಿಯೆದುರೇ ಒಪ್ಪಿಕೊಂಡ. ಮನೆಯ ಸಂಗೀತವನ್ನು ಹೊತ್ತು ನಡೆಸಿದವರು ಹೆಂಗಸರು, ಹೆಸರು ಪಡೆದವರು ಗಂಡಸರು ಎಂಬ ಆ ಕಾಲದ ರೀತಿಗೆ ಇದು ನೇರ ಸಾಕ್ಷಿ.

ಗೋಡೆಗೆ ಒರಗಿ ನಿಲ್ಲುವ ಪಿಯಾನೊ ಸಣ್ಣ ಮನೆಗೂ ಹಿಡಿಸುವಂತಾಯಿತು. ಕಂತಿನಲ್ಲಿ ಕೊಳ್ಳುವ ‘ಮೂರು ವರ್ಷದ ಪದ್ಧತಿ’ 1860ರ ದಶಕದ ನಂತರ ಅದನ್ನು ಗುಮಾಸ್ತನ, ಕುಶಲಕರ್ಮಿಯ ಮನೆಗೂ ತಂದಿತು. ನುಡಿಸಲು ಬೇಕಾದ ಹಾಳೆಗಳು ದುಬಾರಿಯಾಗಿದ್ದವು. ನೊವೆಲ್ಲೊ ಪ್ರಕಾಶನದ ಆಲ್ಫ್ರೆಡ್ ನೊವೆಲ್ಲೊ ಅಚ್ಚಿನ ಮೇಲಿನ ಸುಂಕಗಳ ವಿರುದ್ಧ ಚಳವಳಿಯಲ್ಲಿ ನಿಂತು ದುಡಿದ. ಕಾಗದದ ಸುಂಕ 1861ರಲ್ಲಿ ರದ್ದಾಯಿತು. ಹ್ಯಾಂಡಲ್‌ನ ‘ಮೆಸಾಯ’ದಂಥ ದೊಡ್ಡ ಕೃತಿಗಳು ಅಗ್ಗದ ಸಣ್ಣ ಪುಸ್ತಕಗಳಾಗಿ ಗಿರಣಿ ಊರುಗಳ ಗಾಯನ ತಂಡಗಳ ಕೈಸೇರಿದವು.

ಸ್ವರಲಿಪಿ ಓದಲಾಗದವರಿಗೆ ದಾರಿ ತೋರಿಸಿದ್ದು ನಾರಿಚ್‌ನ ಶಿಕ್ಷಕಿ ಸಾರಾ ಗ್ಲೋವರ್. ಅವಳ ಪದ್ಧತಿಯನ್ನು ಜಾನ್ ಕರ್ವೆನ್ ಎಂಬ ಪಾದ್ರಿ 1840ರ ದಶಕದಿಂದ ತಿದ್ದಿ ದೇಶಕ್ಕೆಲ್ಲ ಹರಡಿದ. ಐದು ಗೆರೆಗಳ ಬದಲು ಡೊ, ರೇ, ಮೀ ಎಂಬ ಸ್ವರಗಳ ಮೊದಲಕ್ಷರ ಬರೆದು ಹಾಡುವ ವಿಧಾನ ಅದು. ಶ್ರುತಿ ಯಾವುದಾದರೂ ಇರಲಿ, ಆಧಾರಸ್ವರ ಯಾವಾಗಲೂ ಡೊ. ಸರಿಗಮ ಬರೆದು ಪಾಠ ಹೇಳಿಕೊಡುವ ಕರ್ನಾಟಕ ಸಂಗೀತದ ವಿದ್ಯಾರ್ಥಿಗೆ ಇದು ಕೂಡಲೇ ಅರ್ಥವಾಗುತ್ತದೆ, ಷಡ್ಜ ಎಲ್ಲಿಟ್ಟರೂ ಷಡ್ಜವೇ. ಗಣಿ ಕೆಲಸಗಾರರೂ ನೇಕಾರರೂ ನಾಲ್ಕು ಧ್ವನಿಗಳ ಕೃತಿಗಳನ್ನು ಹಾಡಿದ್ದು ಈ ಅಕ್ಷರಗಳನ್ನು ನೋಡಿಯೇ.

ಹಬ್ಬದ ಹಾಡುಗಳನ್ನು ಆ ಶತಮಾನ ಹುಡುಕಿ ತೆಗೆಯಬೇಕಾಯಿತು. 1822ರಲ್ಲಿ ಡೇವಿಸ್ ಗಿಲ್ಬರ್ಟ್ ಪಶ್ಚಿಮದ ಕೌಂಟಿಗಳ ಕ್ಯಾರಲ್‌ಗಳನ್ನು ಅಚ್ಚುಮಾಡಿದ್ದು ಅವು ಮರೆಯಾಗುತ್ತಿವೆ ಎಂಬ ಕಾಳಜಿಯಿಂದ. 1833ರಲ್ಲಿ ವಿಲಿಯಂ ಸ್ಯಾಂಡಿಸ್‌ನ ಸಂಗ್ರಹ ಬಂತು. 1871ರಲ್ಲಿ ಬ್ರ್ಯಾಮ್ಲಿ ಮತ್ತು ಸ್ಟೇನರ್ ಅವರ ಸಂಕಲನ ಹಳೆಯ ಹಾಡುಗಳಿಗೆ ಪಿಯಾನೊಗೂ ಗಾಯನ ತಂಡಕ್ಕೂ ಹೊಂದುವ ಸ್ವರಸಂಯೋಜನೆ ಕೊಟ್ಟು ಮನೆಮನೆ ಸೇರಿತು. ಇಂದು ಅತ್ಯಂತ ಪ್ರಸಿದ್ಧವಾದ ‘ಹಾರ್ಕ್! ದ ಹೆರಾಲ್ಡ್ ಏಂಜಲ್ಸ್ ಸಿಂಗ್’ ಹಾಡಿನ ಮೂಲ ಸಾಹಿತ್ಯ ಚಾರ್ಲ್ಸ್ ವೆಸ್ಲಿಯದು, 1739ರದು. ಅದರ ಧಾಟಿ ಮೆಂಡೆಲ್ಸನ್ 1840ರಲ್ಲಿ ಅಚ್ಚುಮೊಳೆಯ ಶೋಧಕ ಗುಟೆನ್‌ಬರ್ಗ್‌ನ ಸ್ಮರಣೆಗೆ ಬರೆದ ಕೃತಿಯದು. ಎರಡನ್ನೂ 1850ರ ದಶಕದಲ್ಲಿ ಬೆಸೆದವನು ವಿಲಿಯಂ ಕಮಿಂಗ್ಸ್. ಹಬ್ಬದ ಕೇಕಿನಂತೆ ಹಬ್ಬದ ಹಾಡೂ ತುಂಡುತುಂಡಾಗಿ ಬಂದು ಕೂಡಿದ್ದು.

ಮನೆಯವರಿಗೆ ಹೊಸ ಸಂಗೀತ ಸಿಗುತ್ತಿದ್ದ ಬಗೆ ಇಂದಿನ ಕಿವಿಗೆ ಅಪರಿಚಿತ. ಬೀಥೋವನ್‌ನ ಸಿಂಫನಿಯನ್ನು ವಾದ್ಯವೃಂದದಿಂದ ಕೇಳುವ ಅವಕಾಶ ಹೆಚ್ಚಿನವರಿಗೆ ಬಾಳಿನಲ್ಲಿ ಒಂದೆರಡು ಸಲ ಬಂದರೆ ಹೆಚ್ಚು. ಅದನ್ನು ಒಂದೇ ಪಿಯಾನೊದ ಮುಂದೆ ಇಬ್ಬರು ಕೂತು ನಾಲ್ಕು ಕೈಯಲ್ಲಿ ನುಡಿಸುವಂತೆ ಬರೆದ ಹಾಳೆಗಳು ಸಿಗುತ್ತಿದ್ದವು. ಅಕ್ಕತಂಗಿಯರು ತಡವರಿಸುತ್ತ, ಮತ್ತೆ ಮತ್ತೆ ನುಡಿಸುತ್ತ ಆ ಕೃತಿಯ ಒಡಲನ್ನೇ ಅರಿಯುತ್ತಿದ್ದರು. ಒಮ್ಮೆ ಕೇಳಿ ದಾಟಿಹೋಗುವುದಕ್ಕಿಂತ ಇದು ಆಳವಾದ ಪರಿಚಯ ಎಂಬುದರಲ್ಲಿ ಸಂಶಯವಿಲ್ಲ. ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಆಗಸ್ಟ್ ಮ್ಯಾನ್ಸ್ ನಡೆಸುತ್ತಿದ್ದ ಶನಿವಾರದ ಕಛೇರಿಗಳಿಗೆ ಅಲ್ಲಿನ ಕಾರ್ಯದರ್ಶಿ ಜಾರ್ಜ್ ಗ್ರೋವ್ ವಿವರಣೆಗಳನ್ನು ಬರೆಯುತ್ತಿದ್ದ. ಅವನು ವೃತ್ತಿಯಿಂದ ಎಂಜಿನಿಯರ್, ಆದರೆ ಸಂಗೀತದ ಹುಚ್ಚಿನವನು. 1867ರಲ್ಲಿ ಅವನು ಗೆಳೆಯ, ಸಂಗೀತಕಾರ ಆರ್ಥರ್ ಸಲಿವನ್ ಜೊತೆ ವಿಯೆನ್ನಾಕ್ಕೆ ಹೋಗಿ, ಶೂಬರ್ಟ್‌ನ ‘ರೋಸಮುಂಡ’ ನಾಟಕಸಂಗೀತದ ಕಾಣೆಯಾಗಿದ್ದ ವಾದ್ಯಭಾಗಗಳನ್ನು ಕಪಾಟಿನ ಧೂಳಿನ ಕಟ್ಟುಗಳಿಂದ ಹೊರತೆಗೆದ. 1879ರಿಂದ ಅವನ ಸಂಪಾದಕತ್ವದಲ್ಲಿ ಹೊರಬಂದ ಸಂಗೀತ ನಿಘಂಟು, ಪಿಯಾನೊ ನುಡಿಸುವ ಸಾಮಾನ್ಯ ಮನೆಗಳನ್ನೂ ಮನಸ್ಸಿನಲ್ಲಿಟ್ಟು ಬರೆದದ್ದು.

ಈ ಎಲ್ಲವನ್ನೂ ಬದಲಿಸಿದ್ದು ಧ್ವನಿಮುದ್ರಣ. ಎಡಿಸನ್‌ನ ಫೋನೊಗ್ರಾಫ್ 1877ರದು, ಎಮಿಲ್ ಬರ್ಲಿನರ್‌ನ ಗ್ರಾಮಫೋನ್ 1887ರದು, ಲಂಡನ್ನಿನ ಗ್ರಾಮಫೋನ್ ಕಂಪನಿ 1898ರದು. ಬ್ರಿಸ್ಟಲ್‌ನಲ್ಲಿ 1884ರಲ್ಲಿ ಹುಟ್ಟಿದ ನಿಪ್ಪರ್ ಎಂಬ ನಾಯಿ ಯಜಮಾನ ತೀರಿಕೊಂಡ ಮೇಲೆ ಅವನ ತಮ್ಮ, ಚಿತ್ರಕಾರ ಫ್ರಾನ್ಸಿಸ್ ಬರಾಡ್‌ನ ಮನೆಯಲ್ಲಿ ಬೆಳೆದು 1895ರಲ್ಲಿ ಸತ್ತಿತ್ತು. ಫೋನೊಗ್ರಾಫಿನ ಕಹಳೆಗೆ ಕಿವಿಗೊಟ್ಟ ಅದರ ಭಂಗಿಯನ್ನು ನೆನಪಿನಿಂದ ಬರೆದ ಚಿತ್ರವನ್ನು ಮೊದಲು ಯಾರೂ ಕೊಳ್ಳಲಿಲ್ಲ. 1899ರಲ್ಲಿ ಗ್ರಾಮಫೋನ್ ಕಂಪನಿ, ಯಂತ್ರವನ್ನು ಅಳಿಸಿ ತನ್ನ ಯಂತ್ರ ಬರೆದುಕೊಟ್ಟರೆ ಕೊಳ್ಳುವುದಾಗಿ ಹೇಳಿ, ಚಿತ್ರಕ್ಕೂ ಅದರ ಹಕ್ಕುಸ್ವಾಮ್ಯಕ್ಕೂ ಸೇರಿ 100 ಪೌಂಡ್ ಕೊಟ್ಟಿತು. ಹಳೆಯ ಯಂತ್ರದ ಗುರುತು ಮೇಲಿನ ಬಣ್ಣದಡಿ ಇನ್ನೂ ಕಾಣುತ್ತದೆ. ಮನೆಯ ನಾಯಿಯನ್ನು ಮನೆಯ ಸಂಗೀತಕ್ಕೆ ಕಟ್ಟಿದ ಆ ಗುರುತು ಕನ್ನಡದ ಮನೆಗಳಲ್ಲೂ ತಲೆಮಾರುಗಳವರೆಗೆ ಗ್ರಾಮಫೋನ್ ತಟ್ಟೆಯ ನಡುವೆ ತಿರುಗಿತು.

ಮೊದಲ ಮಹಾಯುದ್ಧ ಹಳೆಯ ಮನೆಯನ್ನು ಕದಲಿಸಿತು. ಕೆಲಸದ ಹುಡುಗಿಯರು ಮದ್ದುಗುಂಡಿನ ಕಾರ್ಖಾನೆಗಳಿಗೆ ಹೋದರು, ಅಲ್ಲಿನ ಕೂಲಿಯನ್ನೂ ಸಂಜೆಯ ಬಿಡುವನ್ನೂ ಕಂಡ ಹಲವರು ಮರಳಲಿಲ್ಲ. 1918ರ ಆರಂಭದಲ್ಲಿ ಸಕ್ಕರೆಗೆ ಪಡಿತರ ಬಂತು. ಗ್ರಾಮಫೋನೂ, 1922ರಲ್ಲಿ ಬಿಬಿಸಿ ಆರಂಭವಾದ ಮೇಲೆ ರೇಡಿಯೊವೂ ಪಿಯಾನೊದ ಜಾಗ ಹಿಡಿದವು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಕ್ಯಾರಲ್ ಪ್ರಾರ್ಥನೆ 1928ರಲ್ಲಿ ಮೊದಲ ಬಾರಿ ಪ್ರಸಾರವಾಗಿ, ಹಾಡುತ್ತಿದ್ದ ಮನೆಗಳು ಕೇಳುವ ಮನೆಗಳಾದವು.

ನಾಯಿಯ ಗುರುತಿನ ಆ ತಟ್ಟೆ ಭಾರತಕ್ಕೆ ಮೊದಲೇ ಬಂದಿತ್ತು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮುದ್ರಿಸಿಕೊಂಡ ಕಲಾವಿದರಲ್ಲಿ ಗೌಹರ್ ಜಾನ್ ಮುಖ್ಯಳು. ಮೂರು ನಿಮಿಷದ ತಟ್ಟೆಗೆ ಖಯಾಲನ್ನೂ ಠುಮ್ರಿಯನ್ನೂ ಅಳವಡಿಸಿ ಹಾಡಿದ ಆಕೆ ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಅದೇ ಅರಮನೆಯ ಜಯಚಾಮರಾಜ ಒಡೆಯರ್ ಬಾಲ್ಯದಿಂದ ಪಿಯಾನೊ ಕಲಿತು, ತಟ್ಟೆಗಳ ದೊಡ್ಡ ಸಂಗ್ರಹ ಕೂಡಿಸಿ, ಲಂಡನ್ನಿನಲ್ಲಿ ಬಹುಮಟ್ಟಿಗೆ ಮರೆತುಹೋಗಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಡ್ಟ್ನರ್‌ನ ಕೃತಿಗಳನ್ನು ಕಂಡುಕೊಂಡರು. 1940ರ ದಶಕದ ಕೊನೆಯಲ್ಲಿ ಅವರ ಹಣದಿಂದ ಮೆಡ್ಟ್ನರ್ ಸೊಸೈಟಿ ಸ್ಥಾಪನೆಯಾಗಿ, ಕಾಯಿಲೆಬಿದ್ದಿದ್ದ ಸಂಗೀತಕಾರ ತನ್ನ ಕೃತಿಗಳನ್ನು ತಾನೇ ನುಡಿಸಿ ನಾಯಿಯ ಗುರುತಿನ ತಟ್ಟೆಗಳಲ್ಲಿ ಮುದ್ರಿಸಿದ. ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ.